ಅಂಬಿನ ಮೊನೆ ಮತ್ತು ಕೊಲ್ಲುವವನ ಸಾಲ

ಕೊಲ್ಲುವವನಿಗೂ ನೀತಿ ಅಂತ ಒಂದು ಇದೆಯೇ?

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಲೈಸೆನ್ಸು ಪಡೆದು ಬಿಲ್ಲು ಹಿಡಿದು ಜಿಂಕೆ, ಎಲ್ಕ್, ಕರಡಿಗಳ ಬೇಟೆಗೆ ಹೋಗುವವರು ಲಕ್ಷಾಂತರ ಮಂದಿ. ಅಂಬಿನ ತುದಿಗೆ ಯಾವ ಅಲಗಿನ ಮೊನೆ ಹಾಕಬೇಕು ಅಂತ ಅವರು ತಾಸುಗಟ್ಟಲೆ ವಾದ ಮಾಡ್ತಾರೆ. ಇದನ್ನು ಬರೀ ಅಂಗಡಿ ಮಾತು ಅಂತ ನಾವು ತಳ್ಳಿಹಾಕುವಂತಿಲ್ಲ. ಅದರೊಳಗೆ ಒಂದು ಜೀವದ ನೋವಿನ ಪ್ರಶ್ನೆ ಇದೆ.

ಅಂಬು ಕೊಲ್ಲುವುದು ಕೊಯ್ದು. ಹರಿತವಾದ ಅಲಗು ಎರಡೂ ಶ್ವಾಸಕೋಶ ಸೀಳಿ ಹಾದುಹೋದರೆ ನೆತ್ತರು ಹರಿದು ಪ್ರಾಣಿ ಬೇಗ ಬೀಳುತ್ತದೆ. ಮೊಂಡು ಕುಡುಗೋಲಿಗೆ ಹುಲ್ಲು ಬಾಗುತ್ತದೆಯೇ ಹೊರತು ಕೊಯ್ಯುವುದಿಲ್ಲ ಅಂತ ಹೊಲದಲ್ಲಿ ದುಡಿದವರಿಗೆಲ್ಲ ಗೊತ್ತು. ಮೊಂಡು ಮೊನೆಯೆದುರು ರಕ್ತನಾಳವೂ ಹಾಗೇ ಜಾರಿಕೊಳ್ಳುತ್ತದೆ. ಪ್ರಾಣಿ ಗಾಯ ಹೊತ್ತು ಪೊದೆ ಸೇರಿ ನರಳುತ್ತದೆ. ಅದಕ್ಕೇ ಅಲ್ಲಿನ ಹಲವು ರಾಜ್ಯಗಳಲ್ಲಿ ಅಲಗು ಕನಿಷ್ಠ 7/8 ಅಂಗುಲ ಅಗಲ ಇರಬೇಕೆಂಬ ಕಾನೂನಿದೆ. ಅದಕ್ಕೇ ಬಲ್ಲ ಬೇಟೆಗಾರರು ಅಭ್ಯಾಸಕ್ಕೆ ಬಳಸಿದ ಅಲಗನ್ನು ಮತ್ತೆ ಮಸೆಯದೆ ಕಾಡಿಗೆ ಒಯ್ಯುವುದಿಲ್ಲ.

ಮೊನೆಗಳಲ್ಲಿ ಎರಡು ಮುಖ್ಯ ಜಾತಿ. ಒಂದರಲ್ಲಿ ಅಲಗು ಸ್ಥಿರ. ಇನ್ನೊಂದರಲ್ಲಿ ಹಾರುವಾಗ ಮಡಚಿಕೊಂಡಿದ್ದು ತಾಗಿದಾಗ ಬಿಚ್ಚಿಕೊಳ್ಳುತ್ತದೆ. ಬಿಚ್ಚುವ ಅಲಗು ನೆಟ್ಟಗೆ ಹಾರುತ್ತದೆ, ಗಾಯ ಅಗಲ ಮಾಡುತ್ತದೆ. ಆದರೆ ಬಿಚ್ಚಿಕೊಳ್ಳಲು ಅಂಬಿನ ಬಲವನ್ನೇ ತಿನ್ನುತ್ತದೆ. ಬಿಲ್ಲಿನ ಎಳೆತ ಕಡಿಮೆ, ಎದುರಿಗೆ ದಪ್ಪ ಮೂಳೆಯ ಎಲ್ಕ್ ಅಂದರೆ ಗಟ್ಟಿಯಾದ ಸ್ಥಿರ ಅಲಗೇ ಸರಿ. ಎರಡು ಅಂಗುಲದ ಗಾಯದ ಜಾಹೀರಾತು ನಿನ್ನ ತೋಳಿನ ಬಲ ಎಷ್ಟಪ್ಪಾ ಅಂತ ಕೇಳುವುದಿಲ್ಲ. ಮೊನೆ ಆರಿಸೋದು ಅಂದರೆ ತನ್ನ ಮಿತಿಯನ್ನು ಒಪ್ಪಿಕೊಳ್ಳೋದು. ಒಪ್ಪದವನ ಜಂಬಕ್ಕೆ ಬೆಲೆ ತೆರುವುದು ಪ್ರಾಣಿ.

ಇಷ್ಟಾದರೆ ಸಾಲ ತೀರಿತೇ?

1911ರಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್‌ನ ಕಸಾಯಿಖಾನೆಯ ಬಳಿ ಹಸಿದ ಆದಿವಾಸಿಯೊಬ್ಬ ಸಿಕ್ಕ. ಯಾಹಿ ಜನರಲ್ಲಿ ಕೊನೆಗೆ ಉಳಿದವನು. ಅವನ ಜನರನ್ನು ಬಿಳಿಯ ವಲಸಿಗರ ಬಂದೂಕು, ಹಸಿವು, ರೋಗ ಮುಗಿಸಿದ್ದವು. ಪಂಡಿತರು ಅವನನ್ನು ಸಾನ್ ಫ್ರಾನ್ಸಿಸ್ಕೊದ ಮ್ಯೂಸಿಯಮ್ಮಿನಲ್ಲಿ ಇರಿಸಿದರು. ತನ್ನ ಹೆಸರು ಹೇಳದ ಅವನಿಗೆ 'ಇಶಿ' ಅಂತ ಹೆಸರಿಟ್ಟರು. ಅವನ ಭಾಷೆಯಲ್ಲಿ ಹಾಗಂದರೆ ಮನುಷ್ಯ! ಕಪ್ಪು ಗಾಜುಕಲ್ಲನ್ನು, ಒಡೆದ ಸೀಸೆಯ ಚೂರನ್ನು ಚಕ್ಕೆ ಎಬ್ಬಿಸಿ ಅವನು ಮೊನೆ ಮಾಡುತ್ತಿದ್ದ. ಡಾಕ್ಟರ್ ಸ್ಯಾಕ್ಸ್ಟನ್ ಪೋಪ್ ಅವನಿಂದ ಬಿಲ್ಲು ಕಲಿತ. ಪೋಪ್‌ನ ಪರೀಕ್ಷೆಯಲ್ಲಿ ಗಾಜುಕಲ್ಲಿನ ಮೊನೆ ಉಕ್ಕಿನ ಮೊನೆಗಿಂತ ಮಾಂಸದೊಳಗೆ ಆಳಕ್ಕೆ ಇಳಿಯಿತು. ಅಲ್ಲಿನ ಇಂದಿನ ಬಿಲ್ಲುಬೇಟೆಗೆ ಪೋಪ್‌ನ 1923ರ ಪುಸ್ತಕ ಮೂಲಗಳಲ್ಲಿ ಒಂದು. 1961ರಲ್ಲಿ ಹುಟ್ಟಿದ, ಅವನ ಹೆಸರೂ ಇರುವ ಕ್ಲಬ್ಬು ಕೊಂದ ಪ್ರಾಣಿಯ ಕೊಂಬು ಅಳೆದು ದಾಖಲೆ ಬರೆಯುತ್ತದೆ.

ಇಶಿ 1916ರಲ್ಲಿ ಕ್ಷಯದಿಂದ ಸತ್ತ. ಅವನ ಮೆದುಳನ್ನು ತೆಗೆದು ಸ್ಮಿತ್ಸೋನಿಯನ್ ಸಂಸ್ಥೆಗೆ ಕಳಿಸಿದರು. ಅದು ಅವನ ನಂಟಿನ ಜನರ ಕೈಗೆ ಬಂದದ್ದು 2000ದಲ್ಲಿ. ಯಾರಾದರೂ ಅವನನ್ನು ಒಂದು ಮಾತು ಕೇಳಿದ್ದರೇ?

ಗೆಳೆಯರೇ, ಮೊನೆಯ ಹರಿತ ಕೊಲ್ಲುವವನು ತೀರಿಸಲೇಬೇಕಾದ ಮೊದಲ ಸಾಲ. ಅದು ನೋವನ್ನು ಚಿಕ್ಕದು ಮಾಡುತ್ತದೆ, ಕೊಲ್ಲುವ ಹಕ್ಕನ್ನು ಕೊಡುವುದಿಲ್ಲ. ಹಸಿವಿಗೆ ಕೊಂದೆಯೋ, ಗೋಡೆಯ ಮೇಲಿನ ಕೊಂಬಿಗೆ ಕೊಂದೆಯೋ ಅಂತ ಅಲಗು ಹೇಳಲಾರದು. ಅದನ್ನು ಕೈ ಹೇಳಬೇಕು.