ನೋವಿಗೆ ಎಷ್ಟು ದೂರ ಹೋಗಬೇಕು?

ಮೂರು ತಿಂಗಳು ಕಳೆದರೂ ಬಿಡದ, ಅಥವಾ ಬಿಟ್ಟು ಬಿಟ್ಟು ಬರುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಮನೆಯೊಳಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಒಂದು ಬದಲಾವಣೆ ಆಗಿರುತ್ತದೆ. ಮೊದಲ ವಾರ ಎಲ್ಲರೂ "ಸೊಂಟ ಹೇಗಿದೆ?" ಎಂದು ಕೇಳುತ್ತಾರೆ. ಎರಡನೆಯ ತಿಂಗಳಿಗೆ ಕೇಳುವವರು ಒಬ್ಬಿಬ್ಬರು. ಮೂರನೆಯ ತಿಂಗಳಲ್ಲಿ ನೋವಿರುವವರು ತಾವಾಗಿಯೇ ಹೇಳಿಕೊಂಡರೆ ಎದುರಿಗಿದ್ದವರ ಮುಖದಲ್ಲಿ ಸಣ್ಣ ದಣಿವೊಂದು ಕಾಣಿಸುತ್ತದೆ. ಸ್ಕ್ಯಾನಿಂಗ್ ವರದಿಯಲ್ಲಿ ಏನೂ ಇಲ್ಲವೆಂದು ಬಂದಿದ್ದರಂತೂ ಮುಗಿಯಿತು. "ಎಲ್ಲಾ ಮನಸ್ಸಿನದು" ಎಂಬ ಮಾತು ಬರಲು ತಡವಾಗುವುದಿಲ್ಲ.

ಇಂಥವರಲ್ಲಿ ಕೆಲವರು ಆಪರೇಷನ್ನಿಗೆ ಹೆದರಿ, ಇನ್ನು ಕೆಲವರು ಆಪರೇಷನ್ ಮಾಡುವಂಥದ್ದೇನೂ ಇಲ್ಲವೆಂದು ಹೇಳಿಸಿಕೊಂಡು, ಪರದೇಶದ ದಾರಿ ಹಿಡಿಯುತ್ತಾರೆ. ಬಿಸಿನೀರಿನ ಬುಗ್ಗೆ, ಕೆಸರಿನ ಲೇಪ, ಎಣ್ಣೆ, ಸೂಜಿ, ವ್ಯಾಯಾಮ ಹೀಗೆ ಹುಡುಕಿಕೊಂಡು ಹೋಗುತ್ತಾರೆ. ಸಾಲ ಮಾಡಿ ಹೋಗುವವರೂ ಉಂಟು. ನೋಡುವವರಿಗೆ ಇದು ದುಡ್ಡಿದ್ದವರ ಶೋಕಿ, ಇಲ್ಲವೇ ಮೋಸಹೋಗುವವರ ಪೆದ್ದುತನ. ಇವೆರಡೂ ಅಲ್ಲದ ಮೂರನೆಯ ಕಾರಣವೊಂದು ಇರಬಹುದೇ ಎಂಬುದು ನನ್ನ ಪ್ರಶ್ನೆ.

ಪ್ರಬಂಧವೆಂಬ ಪ್ರಕಾರಕ್ಕೆ ಮೂಲಪುರುಷನೆಂದು ನಾವು ಓದುವ ಫ್ರಾನ್ಸಿನ ಮಾಂಟೇನ್ ಇಂಥದೇ ಪ್ರಯಾಣ ಮಾಡಿದವನು. ಅವನಿಗಿದ್ದದ್ದು ಮೂತ್ರದ ಕಲ್ಲಿನ ಬೇನೆ. ಅವನ ತಂದೆಗೂ ಅದೇ ಇತ್ತು. ಆ ಕಾಲದಲ್ಲಿ ಕಲ್ಲು ತೆಗೆಯುವ ಶಸ್ತ್ರಕ್ರಿಯೆ ಎಂದರೆ ಅರಿವಳಿಕೆಯಿಲ್ಲದೆ ಕೊಯ್ಯುವುದು. 1580ರಲ್ಲಿ, ತನ್ನ ಪ್ರಬಂಧಗಳು ಮೊದಲು ಅಚ್ಚಾದ ವರ್ಷವೇ, ಅವನು ಕುದುರೆ ಏರಿ ಹೊರಟ. ಪ್ಲೊಂಬಿಯೇರ್, ಸ್ವಿಟ್ಜರ್‌ಲೆಂಡಿನ ಬಾಡೆನ್, ಆಮೇಲೆ ಇಟಲಿಯ ಲೂಕಾ ಬಳಿಯ ಬಿಸಿನೀರಿನ ಊರು. ಎಷ್ಟು ಲೋಟ ನೀರು ಕುಡಿದ, ಎಷ್ಟು ಹೊತ್ತು ನೀರಿನಲ್ಲಿ ಕೂತ, ಎಂಥ ಕಲ್ಲು ಬಿತ್ತು ಎಂಬುದೆಲ್ಲ ಆ ಪ್ರವಾಸದ ದಿನಚರಿಯಲ್ಲಿದೆ. ಅಚ್ಚಿಗೆಂದು ಬರೆದದ್ದಲ್ಲ ಅದು. ಬೆಳಕು ಕಂಡದ್ದು 1774ರಲ್ಲಿ.

ಸೋಜಿಗವೆಂದರೆ ಅವನು ವೈದ್ಯರನ್ನು ನಂಬಿದವನಲ್ಲ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಅಲ್ಲಗಳೆಯುತ್ತಾನೆ ಎಂದು ಅವರನ್ನು ಗೇಲಿ ಮಾಡಿದವನು. ಬುಗ್ಗೆಗಳ ನೀರು ಪವಾಡ ಮಾಡುತ್ತದೆಂದೂ ಅವನು ನಂಬಿರಲಿಲ್ಲ. ಆದರೂ ಒಂದು ಬುಗ್ಗೆಯಿಂದ ಇನ್ನೊಂದಕ್ಕೆ ಹೋದ. ಲೂಕಾ ಬಳಿ ತಂಗಿದ್ದಾಗ ಹಳ್ಳಿಯವರನ್ನು ಕರೆದು ಕುಣಿತದ ಕೂಟ ಏರ್ಪಡಿಸಿ ಬಹುಮಾನ ಹಂಚಿದ. ದಿನಚರಿಯನ್ನೇ ಕೆಲವು ತಿಂಗಳು ಇಟಾಲಿಯನ್ ಭಾಷೆಯಲ್ಲಿ ಬರೆದ. ಬೋರ್ಡೋ ನಗರಕ್ಕೆ ಮೇಯರ್ ಆಗಿ ಆರಿಸಿದ್ದಾರೆಂಬ ಸುದ್ದಿ ಅವನಿಗೆ ಮುಟ್ಟಿದ್ದು ಅಲ್ಲೇ. 1581ರ ಕೊನೆಗೆ ಅವನು ಊರಿಗೆ ಮರಳಿದ, ಬೇನೆಯೂ ಜೊತೆಗೇ ಮರಳಿತು.

ಹಾಗಾದರೆ ಅವನು ಹೋಗಿ ಗಳಿಸಿದ್ದೇನು? ನನಗೆ ಹೊಳೆಯುವ ಉತ್ತರ ಇಷ್ಟು: ಬುಗ್ಗೆಯ ಊರಿನಲ್ಲಿ ನೋವು ಮುಚ್ಚಿಡಬೇಕಾದ ಸಂಗತಿಯಲ್ಲ. ಅಲ್ಲಿಗೆ ಬಂದವರೆಲ್ಲರಿಗೂ ಒಂದಲ್ಲ ಒಂದು ನೋವು. ಅಲ್ಲಿನ ಬೆಳಗು, ಮಧ್ಯಾಹ್ನ, ಊಟ, ನಿದ್ದೆ ಎಲ್ಲವೂ ಅದರ ಸುತ್ತಲೇ ಹೆಣೆದುಕೊಂಡಿರುತ್ತವೆ. "ಇವತ್ತು ಹೇಗೆ?" ಎಂದು ಕೇಳುವುದು ಅಲ್ಲಿ ಉಪಕಾರವಲ್ಲ, ಊರಿನ ಕಸುಬು.

ನನ್ನ ದೊಡ್ಡಮ್ಮ ಮಂಡಿನೋವಿಗೆ ಎಣ್ಣೆ ಹಚ್ಚಿಸಿಕೊಳ್ಳಲು ಮೂರು ಬಸ್ಸು ಬದಲಿಸಿ ಒಬ್ಬ ನಾಟಿವೈದ್ಯರ ಹತ್ತಿರ ಹೋಗುತ್ತಿದ್ದರು. "ಆ ಎಣ್ಣೆ ನಮ್ಮೂರಲ್ಲೇ ಸಿಗುತ್ತೆ ದೊಡ್ಡಮ್ಮಾ" ಎಂದು ನಾನು ನಕ್ಕಿದ್ದೆ. "ಎಣ್ಣೆ ಸಿಗುತ್ತೆ ಕಣೋ, ಅವರು ಕೇಳ್ತಾರೆ" ಎಂದರು. ಆ ಮಾತು ನನಗೇ ಹೇಳಿದ್ದು ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಅಮೆರಿಕದ ಎಲೇನ್ ಸ್ಕ್ಯಾರಿ 1985ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಈ ತೊಡಕನ್ನು ಸ್ಪಷ್ಟವಾಗಿ ಗುರುತಿಸಿದ್ದಾರೆ. ನೋವು ಅನುಭವಿಸುವವರಿಗೆ ಅದಕ್ಕಿಂತ ನಿಶ್ಚಿತವಾದದ್ದು ಬೇರೆ ಇಲ್ಲ. ಕೇಳಿಸಿಕೊಳ್ಳುವವರಿಗೆ ಅದಕ್ಕಿಂತ ಅನುಮಾನಾಸ್ಪದವಾದದ್ದೂ ಇಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂಬುದನ್ನೂ ಸೇರಿಸಿತು. ವೈದ್ಯವಿಜ್ಞಾನ ಹೀಗೆ ಬರೆದಿಡಬೇಕಾಯಿತು ಎಂದರೆ, ಗೌರವ ಸಿಗುತ್ತಿರಲಿಲ್ಲ ಎಂದೇ ಅರ್ಥವಲ್ಲವೇ?

ನಂಬಿಕೆ, ಆರೈಕೆಗಳು ನೋವಿನ ಹೊರಗಿನ ಸಂಗತಿಗಳೂ ಅಲ್ಲ. 2016ರಲ್ಲಿ ಪ್ರಕಟವಾದ ಲಿಸ್ಬನ್ನಿನ ಒಂದು ಅಧ್ಯಯನದಲ್ಲಿ ದೀರ್ಘಕಾಲದ ಸೊಂಟನೋವಿನವರಿಗೆ ಮಾತ್ರೆ ಕೊಟ್ಟು, ಇದರಲ್ಲಿ ಔಷಧವಿಲ್ಲ ಎಂದು ಮೊದಲೇ ತಿಳಿಸಲಾಗಿತ್ತು. ಮೂರು ವಾರದ ಬಳಿಕ, ಎಂದಿನ ಚಿಕಿತ್ಸೆಯನ್ನಷ್ಟೇ ಪಡೆದವರಿಗಿಂತ ಇವರ ನೋವು ಹೆಚ್ಚು ಇಳಿದಿತ್ತು. ಅವರ ನೋವು ಸುಳ್ಳಾಗಿತ್ತು ಎಂದು ಇದರ ಅರ್ಥವಲ್ಲ. ನೋವನ್ನು ಯಾರು, ಹೇಗೆ ನೋಡಿಕೊಳ್ಳುತ್ತಾರೆ ಎಂಬುದಕ್ಕೂ ಅದರ ಏರಿಳಿತದಲ್ಲಿ ಪಾಲಿದೆ ಎಂದಷ್ಟೇ ನಾನು ತಿಳಿಯುತ್ತೇನೆ.

ಹಾಗೆಂದು ಭರವಸೆ ಮಾರುವುದೆಲ್ಲ ಸರಿಯೇ? ಅಲ್ಲ. "ಗುಣವಾಗುವುದು ಗ್ಯಾರಂಟಿ" ಎಂದು ದುಡ್ಡು ಕಟ್ಟಿಸಿಕೊಳ್ಳುವವನು ಎರಡು ಬಾರಿ ಮೋಸ ಮಾಡುತ್ತಾನೆ. ಮೊದಲು ಹಣ ಹೋಗುತ್ತದೆ. ಗುಣವಾಗದೆ ಮರಳಿದವರು ಆಮೇಲೆ ತಮ್ಮನ್ನೇ ದೂರಿಕೊಳ್ಳುತ್ತಾರೆ. ಊರಿನವರ ಅನುಮಾನಕ್ಕೂ ಇನ್ನೊಂದು ಪುರಾವೆ ಸಿಗುತ್ತದೆ: "ಅಷ್ಟು ದೂರ ಹೋಗಿ ಬಂದರೂ ವಾಸಿಯಾಗಲಿಲ್ಲವಂತೆ!" ಆರೈಕೆಗೆ ದುಡ್ಡು ತೆಗೆದುಕೊಳ್ಳುವುದು ತಪ್ಪಲ್ಲ, ಯಾರ ಕೈಯಲ್ಲೂ ಇಲ್ಲದ ಖಾತರಿಗೆ ತೆಗೆದುಕೊಳ್ಳುವುದು ತಪ್ಪು.

ಇದಕ್ಕಿಂತ ಕಷ್ಟದ ಪ್ರಶ್ನೆ ಹೋಗಲಾರದವರದು. ದಿನವಿಡೀ ಕೆಸರಿನಲ್ಲಿ ಬಾಗಿ ನಾಟಿ ಮಾಡುವ ಹೆಂಗಸಿಗೂ ಸೊಂಟನೋವಿದೆ. ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿ ಅವಳು ಮಾರನೆಯ ದಿನ ಮತ್ತೆ ಬಾಗುತ್ತಾಳೆ. ಅವಳ ನೋವಿಗೆ ಪಾಸ್‌ಪೋರ್ಟ್ ಇಲ್ಲ. ನಂಬಿಸಿಕೊಳ್ಳಲು ದೂರ ಹೋಗಬೇಕು ಎಂಬುದು ನಿಜವಾದರೆ, ಹೋಗಲಾರದವರನ್ನು ಯಾರೂ ನಂಬುವುದಿಲ್ಲ ಎಂಬುದೂ ನಿಜವಾಗುತ್ತದೆ. ಅನ್ಯಾಯ ಇರುವುದು ಪ್ರಯಾಣ ಮಾಡುವವರಲ್ಲಿ ಅಲ್ಲ. ಪ್ರಯಾಣ ಬೇಕಾಗುವಂತೆ ಮಾಡುವ ನಮ್ಮಲ್ಲಿದೆ.

ನಾವು ಕೂಡ ಇನ್ನೊಬ್ಬರಿಗೆ ಪರದೇಶವೇ. ಆಯುರ್ವೇದ, ಯೋಗದಂಥ ಚಿಕಿತ್ಸೆಗೆ ಬರುವ ವಿದೇಶಿಯರಿಗೆಂದು ಭಾರತ ಸರ್ಕಾರ 2023ರಲ್ಲಿ ಪ್ರತ್ಯೇಕ ಆಯುಷ್ ವೀಸಾ ತಂದಿದೆ. ಕೇರಳದಲ್ಲಿ, ನಮ್ಮ ಕರಾವಳಿಯಲ್ಲಿ, ಮೈಸೂರಿನಲ್ಲಿ, ಸಾವಿರಾರು ಮೈಲಿ ದಾಟಿ ಬಂದವರು ಎಣ್ಣೆ ಹಚ್ಚಿಸಿಕೊಂಡು ಮಲಗಿರುತ್ತಾರೆ. ಉಜ್ಜುವ ಹೆಂಗಸು ತನಗೆ ಗೊತ್ತಿರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ "ಎಲ್ಲಿ ನೋವು? ಇಲ್ಲಾ?" ಎಂದು ಕೇಳುತ್ತಾಳೆ. ಮಲಗಿದವರಿಗೆ ಅಷ್ಟರಲ್ಲೇ ಅರ್ಧ ಹಗುರ.

ಸಂಜೆ ಅವಳು ಬಸ್ಸು ಹತ್ತಿ ಮನೆಗೆ ಹೋಗುತ್ತಾಳೆ. ದಿನವೆಲ್ಲ ಉಜ್ಜಿದ ಅವಳ ಮಣಿಕಟ್ಟೂ ನೋಯುತ್ತಿರುತ್ತದೆ. ಮನೆಯಲ್ಲಿ ಯಾರಾದರೂ ಕೇಳುತ್ತಾರೆಯೇ?