ಹಿತವುಳ್ಳವನ ಮಾತು ಪ್ರಮಾಣವೇ?

ತನಗೆ ನಷ್ಟವೊದಗುವ ಹೊತ್ತಿನಲ್ಲಿ ಒಬ್ಬನು ಲೋಕಹಿತದ ಮಾತನ್ನಾಡಿದರೆ ನಾವು ಒಳಗೊಳಗೇ ನಗುತ್ತೇವೆ. ‘ತನ್ನ ಹೊಟ್ಟೆಗಾಗಿ ಆಡುತ್ತಾನೆ’ ಎನ್ನುತ್ತೇವೆ. ಈ ನಗೆ ನ್ಯಾಯವಾದುದೇ ಎಂಬುದನ್ನು ವಾಚಕರು ನಮ್ಮೊಡನೆ ವಿಚಾರಿಸಬೇಕು.

ಅಮೆರಿಕೆಯ ಅಂಚೆ ನೌಕರರ ಪ್ರಸಂಗವನ್ನೇ ನೋಡೋಣ. ನಮ್ಮಲ್ಲಿ ಆರ್.ಎಂ.ಎಸ್. ಕಚೇರಿಗಳು ಮಾಡುವ ವಿಂಗಡಣೆಯ ಕೆಲಸವನ್ನು ಅಲ್ಲಿ ದೊಡ್ಡ ಯಂತ್ರಕೇಂದ್ರಗಳು ಮಾಡುತ್ತವೆ. ಇಂತಹ ಸುಮಾರು 250 ಕೇಂದ್ರಗಳನ್ನು ಮುಚ್ಚುವ ಅಥವಾ ವಿಲೀನಗೊಳಿಸುವ ಪರಿಶೀಲನೆಯನ್ನು ಆಡಳಿತವು 2011ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಅಮೆರಿಕನ್ ಪೋಸ್ಟಲ್ ವರ್ಕರ್ಸ್ ಯೂನಿಯನ್ ಎಂಬ ಸಂಘವು, ಇದರಿಂದ ಜನರ ಪತ್ರಗಳು ತಡವಾಗುವುವೆಂದು ವಿರೋಧಿಸಿತು. ಅಂಚೆ ನೌಕರರು ಮುಷ್ಕರ ಹೂಡುವುದು ಅಲ್ಲಿ ಕಾನೂನುಬಾಹಿರ. ಆದ್ದರಿಂದ ಅವರ ಕೈಯಲ್ಲಿದ್ದುದು ಬಹುಮಟ್ಟಿಗೆ ಮಾತೊಂದೇ. ಸಾರ್ವಜನಿಕ ಸಭೆಗಳಲ್ಲಿ ಎದ್ದುನಿಂತು ಹೇಳಿದರು. 2014ರ ನವೆಂಬರಿನಲ್ಲಿ ನಾಲ್ಕು ಅಂಚೆ ಸಂಘಗಳು ಕೂಡಿ ದೇಶದಾದ್ಯಂತ ಪ್ರದರ್ಶನ ನಡೆಸಿದವು. ಆ ಮಾತಿಗೇ ಬೆಲೆಯಿಲ್ಲವೆಂದರೆ ಅವರಿಗೆ ಉಳಿಯುವುದಾದರೂ ಏನು?

ಆಡಳಿತದ ಪಕ್ಷವೂ ಹುಸಿಯಲ್ಲ. 2001ರಲ್ಲಿ ಆ ದೇಶದ ಪ್ರಥಮ ದರ್ಜೆಯ ಅಂಚೆ 10,300 ಕೋಟಿಯನ್ನು ದಾಟಿತ್ತು. 2023ರ ವೇಳೆಗೆ ಅದು ಸುಮಾರು 4,600 ಕೋಟಿಗೆ ಇಳಿಯಿತು. ಬರಿದಾದ ಯಂತ್ರವನ್ನು ತಿರುಗಿಸಲು ಸಮಾಜವೇಕೆ ಹಣ ತೆರಬೇಕು? ಆದರೆ ನಷ್ಟದ ಲೆಕ್ಕವೆಲ್ಲ ಪತ್ರಗಳದಾಗಿರಲಿಲ್ಲ. ನಿವೃತ್ತರ ಆರೋಗ್ಯವೆಚ್ಚಕ್ಕೆಂದು ವರ್ಷಕ್ಕೆ ಸುಮಾರು 550 ಕೋಟಿ ಡಾಲರನ್ನು ಮುಂಗಡವಾಗಿ ತೆಗೆದಿರಿಸಬೇಕೆಂದು 2006ರ ಕಾಯಿದೆಯು ವಿಧಿಸಿತ್ತು. ಆ ವಿಧಿ ರದ್ದಾದುದು 2022ರಲ್ಲಿ. ಅಷ್ಟರೊಳಗೆ ಸುಮಾರು 140 ಕೇಂದ್ರಗಳು ವಿಲೀನಗೊಂಡು ವರ್ಷಗಳೇ ಸಂದಿದ್ದವು.

ನಮ್ಮ ನೈಯಾಯಿಕರು ಶಬ್ದಪ್ರಮಾಣವನ್ನು ಹೇಳುವಾಗ ಆಪ್ತನಾರೆಂದು ಕೇಳಿದ್ದಾರೆ. ವಸ್ತುವನ್ನು ಕಣ್ಣಾರೆ ಬಲ್ಲವನೂ ಬಲ್ಲಂತೆಯೇ ತಿಳಿಸಬಯಸುವವನೂ ಆಪ್ತನೆಂಬುದು ವಾತ್ಸ್ಯಾಯನನ ಅಭಿಪ್ರಾಯ. ಈ ಲಕ್ಷಣ ಋಷಿಗೂ ಮ್ಲೇಚ್ಛನಿಗೂ ಸಮಾನವೆಂದೂ ಆತನು ಸೇರಿಸಿದ್ದಾನೆ. ರಾಗದ್ವೇಷರಹಿತನೇ ಆಪ್ತನೆಂಬ ಮತವೂ ಉಂಟು. ಈ ಎರಡನೆಯದನ್ನೇ ಕಟ್ಟುನಿಟ್ಟಾಗಿ ಹಿಡಿದರೆ ಕಾರ್ಮಿಕನು ಹೊರಗಾಗುತ್ತಾನೆ. ಉಳಿತಾಯ ತೋರಿಸಬೇಕಾದ ಅಧಿಕಾರಿಯೂ ಹೊರಗಾಗುತ್ತಾನೆ. ಅಂಚೆಯಲ್ಲಿ ಬರುವ ಔಷಧಕ್ಕಾಗಿ ಕಾದು ಕುಳಿತ ಮುದುಕಿಯೂ ಹೊರಗೆ, ಏಕೆಂದರೆ ಅವಳಿಗೂ ಹಿತವಿದೆ! ಕೊನೆಗೆ ಸಾಕ್ಷಿ ಹೇಳಲು ಉಳಿಯುವವನು ಏನನ್ನೂ ಅರಿಯದವನೊಬ್ಬನೇ.

ಆದಕಾರಣ ಕೇಳಬೇಕಾದುದು ಆಡಿದವನ ಹಿತವನ್ನಲ್ಲ, ಆಡಿದುದು ಹೌದೋ ಅಲ್ಲವೋ ಎಂಬುದನ್ನು. ಮರುದಿನವೇ ತಲಪುತ್ತಿದ್ದ ಸ್ಥಳೀಯ ಪತ್ರಕ್ಕೆ 2015ರ ಜನವರಿಯಿಂದ ಎರಡು ದಿನಗಳ ಅವಧಿಯನ್ನು ಆಡಳಿತವೇ ಗೊತ್ತುಪಡಿಸಿತು. ನೌಕರರ ಎಚ್ಚರಿಕೆ ಅಷ್ಟರಮಟ್ಟಿಗೆ ನಿಜವಾಯಿತು. ಇದರಿಂದ ಪ್ರತಿಯೊಂದು ಕೇಂದ್ರವೂ ಶಾಶ್ವತವಾಗಿ ಉಳಿಯಬೇಕೆಂದು ಸಿದ್ಧವಾಗುವುದಿಲ್ಲ, ನಿಜ.

ಸಂಘಗಳಿಗೂ ಒಂದು ಮಾತುಂಟು. ಬಹುಕಾಲದ ಖಾಯಂ ನೌಕರರನ್ನು ವಜಾಗೊಳಿಸದಂತೆ ಅಲ್ಲಿ ಒಪ್ಪಂದದ ರಕ್ಷಣೆಯಿದೆ. ಆದರೂ ದೂರದ ಊರಿಗೆ ವರ್ಗವಾದರೆ ಮನೆ, ಮಕ್ಕಳ ಶಾಲೆ, ವೃದ್ಧ ತಂದೆತಾಯಿಗಳು, ಎಲ್ಲವೂ ಕದಲುತ್ತವೆ. ಈ ನೋವನ್ನು ಲೋಕಹಿತದ ಹಿಂದೆ ಮರೆಮಾಚುವ ಅಗತ್ಯವೇನು? ಮರೆಮಾಚಿದುದು ಬಯಲಾದಾಗಲೇ ಕೇಳುವವನು ನಗುವುದು. ‘ನಮಗೂ ಕಷ್ಟ, ನಿಮಗೂ ಕಷ್ಟ’ ಎಂದು ನೇರವಾಗಿ ಹೇಳುವವನಲ್ಲಿ ನಮಗೆ ಹೆಚ್ಚು ವಿಶ್ವಾಸ.

2024ರ ಆರಂಭದಲ್ಲಿ ಅಟ್ಲಾಂಟಾ ಸಮೀಪದ ಪಾಲ್ಮೆಟ್ಟೊದಲ್ಲಿ ಹೊಸದೊಂದು ಬೃಹತ್ ಕೇಂದ್ರಕ್ಕೆ ಸುತ್ತಲಿನ ಕೆಲಸವನ್ನು ಒಗ್ಗೂಡಿಸಿದಾಗ ಅಂಚೆಯು ತೀವ್ರವಾಗಿ ತಡವಾಯಿತು. ಅದೇ ಮೇ ತಿಂಗಳಲ್ಲಿ, ಸೆನೆಟರುಗಳ ಒತ್ತಾಯದ ಮೇಲೆ, ಮುಂದೆ ಮಾಡಬೇಕೆಂದಿದ್ದ ವಿಲೀನಗಳನ್ನು 2025ರ ಜನವರಿಯವರೆಗೆ ತಡೆಹಿಡಿಯಲು ಆಡಳಿತವು ಒಪ್ಪಿತು.