ನೀರು ಇಳಿದ ಮೇಲೆ

ದೋಣಿ ನೆಲ ಕಚ್ಚಿತು ಎಂದರೆ ಸಾಮಾನ್ಯವಾಗಿ ಅದು ಅವಘಡದ ಸುದ್ದಿ. ವಾಡನ್ ಸಮುದ್ರದಲ್ಲಿ ಸಣ್ಣ ಹಾಯಿದೋಣಿ ಹಿಡಿದು ಅಲೆಯುವವರಿಗೆ ಮಾತ್ರ ಅದು ರಾತ್ರಿಯ ಬಿಡಾರ. ನೆದರ್ಲೆಂಡ್ಸ್‌ನಲ್ಲಿ ಶುರುವಾಗಿ ಜರ್ಮನಿಯ ದಂಡೆಗುಂಟ ಡೆನ್ಮಾರ್ಕಿನವರೆಗೆ ಹಬ್ಬಿದ ಈ ಸಮುದ್ರದ ಬಹುಭಾಗ ದಿನಕ್ಕೆ ಎರಡು ಸಲ ತುಂಬುತ್ತದೆ, ಎರಡು ಸಲ ಬರಿದಾಗುತ್ತದೆ. ಬರಿದಾದಾಗ ಉಳಿಯುವುದು ಕೆಸರು, ಮರಳು, ನಡುವೆ ಅಂಕುಡೊಂಕು ಕಾಲುವೆ. ಅಲ್ಲಿನ ಹಳೆಯ ಮಾದರಿಯ ದೋಣಿಗಳ ತಳ ಚಪ್ಪಟೆ. ಗಾಳಿಗೆ ಅಡ್ಡ ಜಾರಿಹೋಗದಂತೆ ಎರಡು ಪಕ್ಕೆಗೂ ಅಗಲವಾದ ಮರದ ಹಲಗೆ ತೂಗುಹಾಕಿರುತ್ತಾರೆ. ಗಾಳಿ ತಳ್ಳುವ ಕಡೆಯ ಹಲಗೆಯನ್ನು ನೀರಿಗಿಳಿಸಿದರೆ ದೋಣಿ ನೇರ ಸಾಗುತ್ತದೆ. ನೀರು ಹೋದಾಗ ಅದು ಓರೆಯಾಗದೆ, ಕೆಸರಿನಲ್ಲಿ ಎಮ್ಮೆ ಮಲಗಿದಂತೆ, ನೆಮ್ಮದಿಯಾಗಿ ಕೂರುತ್ತದೆ. ಒಳಗಿದ್ದವರು ಚಹಾಕ್ಕೆ ನೀರಿಡುತ್ತಾರೆ. ಬೇಕಾದರೆ ಏಣಿ ಇಳಿಸಿ, ಸ್ವಲ್ಪ ಹೊತ್ತಿನ ಹಿಂದೆ ಹಾಯಿ ಬಿಚ್ಚಿ ಬಂದ ದಾರಿಯಲ್ಲೇ ಬರಿಗಾಲಲ್ಲಿ ನಡೆದು ಬರುತ್ತಾರೆ.

ಹೀಗೆ ಕೂತ ದೋಣಿ ಕಾಯುತ್ತಿದೆಯೋ, ಸಿಕ್ಕಿಬಿದ್ದಿದೆಯೋ? ದೂರದಿಂದ ನೋಡಿದವರಿಗೆ ಹೇಳಲಾಗದು. ಎರಡರಲ್ಲೂ ದೋಣಿ ಅಲ್ಲಾಡುವುದಿಲ್ಲ, ಎರಡರಲ್ಲೂ ಸುತ್ತ ನೀರಿಲ್ಲ. ವ್ಯತ್ಯಾಸವಿರುವುದು ಚುಕ್ಕಾಣಿ ಹಿಡಿದವನ ತಲೆಯಲ್ಲಿ. ನೀರು ಯಾವಾಗ ಮರಳುತ್ತದೆ, ಎಷ್ಟು ಏರುತ್ತದೆ ಎಂದು ತಿಳಿದವನು ಕಾಯುತ್ತಾನೆ, ತಿಳಿಯದವನು ಸಿಕ್ಕಿಬಿದ್ದಿರುತ್ತಾನೆ. ತಾಳ್ಮೆಯನ್ನು ನಾವು ಸ್ವಭಾವದ ಗುಣವೆಂದು ಹೊಗಳುತ್ತೇವೆ, ಇಲ್ಲದವರನ್ನು ಬೈಯುತ್ತೇವೆ. ಅದರಲ್ಲಿ ಸ್ವಭಾವದ ಪಾಲೆಷ್ಟು, ತಿಳಿವಳಿಕೆಯ ಪಾಲೆಷ್ಟು ಎಂದು ಅಳೆಯಲು ಈ ಕೆಸರುಬಯಲಿಗಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಆ ತಿಳಿವಳಿಕೆ ದೊಡ್ಡದೇನಲ್ಲ, ಆದರೆ ಬಿಡಿಬಿಡಿಯಾಗಿ ಕೈಗೆ ಹತ್ತಬೇಕಾದದ್ದು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿನವೂ ಐವತ್ತು ನಿಮಿಷದಷ್ಟು ತಡ. ನೀರು ಒಂದೇ ವೇಗದಲ್ಲಿ ಏರುವುದೂ ಇಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಆಮೇಲೆ ಮೂರು ಮೂರು, ಮತ್ತೆ ಎರಡು, ಕೊನೆಗೆ ಒಂದು ಎಂಬುದು ನಾವಿಕರ ಬಾಯಿಲೆಕ್ಕ. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಬಂದಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಒಂದೆರಡು ದಿನದ ನಂತರ ಉಬ್ಬರ ಅತಿ ಎತ್ತರ; ಅಷ್ಟಮಿ ಕಳೆದ ಮೇಲೆ ಅತಿ ಕಡಿಮೆ. ಪಂಚಾಂಗ ನೋಡುವ ನಮ್ಮ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಭಯವಿರುವುದು ಇಲ್ಲೇ: ಹುಣ್ಣಿಮೆಯ ಉಬ್ಬರ ತುತ್ತತುದಿಯಲ್ಲಿದ್ದಾಗ ನೆಲ ಕಚ್ಚಿದ ದೋಣಿಯನ್ನು ಮರುದಿನದಿಂದ ಕುಗ್ಗುತ್ತ ಹೋಗುವ ನೀರು ಎತ್ತಲಾರದು. ಹದಿನೈದು ದಿನ ಅಲ್ಲೇ ಗತಿ. ಅದಕ್ಕೇ ಗುರುತಿಲ್ಲದ ಜಾಗಕ್ಕೆ ನುಗ್ಗುವುದಾದರೆ ಏರುವ ನೀರಿನಲ್ಲಿ ನುಗ್ಗಬೇಕು. ಆಗ ತಪ್ಪಿದರೂ ಸ್ವಲ್ಪ ಹೊತ್ತಿಗೆ ನೀರೇ ಬಿಡಿಸುತ್ತದೆ. ಇಳಿಯುವ ನೀರಿನಲ್ಲಿ ಅದೇ ತಪ್ಪಿಗೆ ಸಿಗುವ ಗಡುವು ಕೆಲವೇ ನಿಮಿಷ.

ಉಳಿದದ್ದು ಕೈಕೆಲಸ. ಸೀಸದ ಗುಂಡನ್ನು ಹಗ್ಗಕ್ಕೆ ಕಟ್ಟಿ ಆಳ ನೋಡುವುದು. ಗುಂಡಿನ ಬುಡದ ಕುಳಿಗೆ ಕೊಬ್ಬು ಮೆತ್ತಿದರೆ ತಳದ ಮರಳೋ ಕೆಸರೋ ಚಿಪ್ಪಿನ ಚೂರೋ ಅಂಟಿಕೊಂಡು ಬರುತ್ತದೆ. ಕೂರುವ ಮೊದಲು ಜಲ್ಲೆಯಿಂದ ಕೆಳಗೆ ಕಲ್ಲಿದೆಯೇ ಎಂದು ತಡಕುವುದು. ಅಲೆ ಹೊಡೆಯುವ ಗಟ್ಟಿ ಮರಳನ್ನು ಬಿಡುವುದು, ಏಕೆಂದರೆ ನೀರು ಮರಳುವಾಗ ತಳ ಎತ್ತಿ ಎತ್ತಿ ಕುಕ್ಕುತ್ತದೆ. ಕಾಲುವೆಯ ಕಡಿದಾದ ಅಂಚಿಗೆ ಹತ್ತಿರ ಕೂರದಿರುವುದು. ಈಗ ಫೋನೇ ಆಳ ತೋರಿಸುತ್ತದೆ, ಸರಿ. ಆದರೆ ಅಲ್ಲಿ ಮರಳು ಜಾಗ ಬದಲಿಸುತ್ತಲೇ ಇರುತ್ತದೆ. ನಕ್ಷೆ ಹೇಳುವುದು ಹಿಂದಿನ ಸುದ್ದಿ. ಸಣ್ಣ ಕಾಲುವೆಗಳ ಗುರುತಿಗೆ ಇಂದಿಗೂ ಬರ್ಚ್ ಮರದ ಕೊಂಬೆಗಳನ್ನೇ ಸಾಲಾಗಿ ನೆಡುತ್ತಾರೆ.

ಈ ವಿದ್ಯೆಯನ್ನು ಓದುವ ಲೋಕಕ್ಕೆ ತಲುಪಿಸಿದ್ದು ಒಂದು ಗೂಢಚಾರ ಕಾದಂಬರಿ: ಅರ್ಸ್ಕಿನ್ ಚೈಲ್ಡರ್ಸ್ 1903ರಲ್ಲಿ ಪ್ರಕಟಿಸಿದ ‘ದಿ ರಿಡಲ್ ಆಫ್ ದಿ ಸ್ಯಾಂಡ್ಸ್’. 1897ರಲ್ಲಿ ಆತ ‘ವಿಕ್ಸೆನ್’ ಎಂಬ, ಹಳೆಯ ಜೀವರಕ್ಷಕ ದೋಣಿಯನ್ನು ಮಾರ್ಪಡಿಸಿ ಮಾಡಿದ ಹಾಯಿದೋಣಿಯಲ್ಲಿ ವಾಡನ್ ಸಮುದ್ರದ ದ್ವೀಪಗಳ ಹಿಂದೆ ಅಲೆದಿದ್ದ. ಕಾದಂಬರಿಯ ಗೂಢಚಾರಿಕೆ ಈಗ ಹಳತಾಗಿದೆ; ಕೆಸರು ಹಳತಾಗಿಲ್ಲ. ಅದರಲ್ಲಿ ಇಬ್ಬರು ಗೆಳೆಯರು ದಟ್ಟ ಮಂಜಿನಲ್ಲಿ ನಾರ್ಡರ್ನೈ ದ್ವೀಪದಿಂದ ಮೆಮ್ಮರ್ಟ್ ದ್ವೀಪಕ್ಕೆ ಹುಟ್ಟು ಹಾಕಿಕೊಂಡು ಹೋಗುವ ಅಧ್ಯಾಯವೊಂದಿದೆ. ಕಣ್ಣಿಗೆ ಏನೂ ಕಾಣದು. ದಿಕ್ಸೂಚಿ, ಗಡಿಯಾರ, ಆಳ ತಡಕಲು ಒಂದು ಕೋಲು, ಇಳಿಯುತ್ತಿರುವ ನೀರಿನ ಲೆಕ್ಕ, ಇಷ್ಟೇ ಆಸರೆ. ಒಬ್ಬ ಮರಳಿನ ಅಂಚನ್ನು ಕೋಲಿನಿಂದ ಓದುತ್ತಾನೆ. ಇನ್ನೊಬ್ಬ ಅವನನ್ನು ನಂಬಿ ಹುಟ್ಟು ಹಾಕುತ್ತಾನೆ. ಅಲ್ಲಿ ನನಗೆ ಕಂಡದ್ದು ಧೈರ್ಯಕ್ಕಿಂತ ಹೆಚ್ಚಾಗಿ ಲೆಕ್ಕದ ಶುದ್ಧಿ. ಹಾಗೆ ಎಣಿಸಬಲ್ಲವನಿಗೆ ಧೈರ್ಯದ ಖರ್ಚು ಕಡಿಮೆ.

ಇಷ್ಟು ಬರೆದ ಮೇಲೆ ಒಂದು ಕಸಿವಿಸಿ ಉಳಿಯುತ್ತದೆ. ಚೈಲ್ಡರ್ಸ್ ಬ್ರಿಟಿಷ್ ಸಂಸತ್ತಿನ ಕೆಳಮನೆಯಲ್ಲಿ ಗುಮಾಸ್ತನಾಗಿದ್ದ. ಸದನಕ್ಕೆ ಬಿಡುವಾದಾಗ ಅವನಿಗೂ ಉದ್ದ ರಜೆ. ನೀರಿಗಾಗಿ ಕಾಯುವುದರಲ್ಲಿ ಸುಖ ಕಂಡವರು ಬಹುಪಾಲು ಇಂಥವರೇ. ಅದೇ ಕಾಲುವೆಗಳಲ್ಲಿ ಪೀಟ್ ಇಂಧನ ಹೇರಿಕೊಂಡು ಹೋಗುತ್ತಿದ್ದ ಸರಕುದೋಣಿಯವರಿಗೆ ತಪ್ಪಿದ ಉಬ್ಬರವೆಂದರೆ ತಪ್ಪಿದ ಕೂಲಿ. ಹೂಳು ತುಂಬಿದ ನಮ್ಮ ಹೊನ್ನಾವರ, ಗಂಗೊಳ್ಳಿಯ ಅಳಿವೆಗಳ ಹೊರಗೆ ಮೀನು ತುಂಬಿಕೊಂಡು ಉಬ್ಬರಕ್ಕೆ ಕಾಯುವ ದೋಣಿಯವರನ್ನು ನಿಲ್ಲಿಸಿ ಕಾಯುವುದರ ಸೊಗಸನ್ನು ಹೇಳಿದರೆ, ಮೀನಿನ ಮೇಲೆ ಕರಗುತ್ತಿರುವ ಮಂಜುಗಡ್ಡೆಯತ್ತ ಬೊಟ್ಟು ಮಾಡಿಯಾರು. ಅವರಿಗೆ ತಿಳಿವಳಿಕೆ ಬೇಕಾದಷ್ಟಿದೆ, ಆದರೂ ಸಿಕ್ಕಿಬಿದ್ದಿದ್ದಾರೆ. ಹಾಗಾದರೆ ಮೇಲೆ ಎಳೆದ ಗೆರೆ ಸ್ವಲ್ಪ ಅಳಿಸಬೇಕು: ತಿಳಿವಳಿಕೆಯ ಜೊತೆಗೆ ಹಿಂತಿರುಗುವ ಅವಕಾಶವೂ ಇದ್ದವನು ಮಾತ್ರ ನಿಜವಾಗಿ ಕಾಯುತ್ತಾನೆ.

ಆ ಅವಕಾಶವನ್ನು ಬಳಸಲು ಕಲಿಯುವುದೇ ಈ ಅಲೆದಾಟದ ಅತಿ ಕಷ್ಟದ ಪಾಠವಿರಬೇಕು. ಪ್ರತಿ ದ್ವೀಪದ ಹಿಂದೆಯೂ ಉಬ್ಬರದ ನೀರು ಎರಡು ತುದಿಗಳಿಂದ ಸುತ್ತಿ ಬಂದು ಒಂದು ಕಡೆ ಸಂಧಿಸುತ್ತದೆ. ಅಲ್ಲಿ ಸೆಳೆತ ಸತ್ತು ಹೂಳು ಕೆಳಗೆ ಕೂತು ದಿಬ್ಬವಾಗುತ್ತದೆ. ಏರುವ ನೀರಿನ ಜೊತೆ ದಿಬ್ಬದತ್ತ ಸಾಗಿ, ಉಬ್ಬರದ ತುದಿಯಲ್ಲಿ ದಾಟಿ, ಇಳಿಯುವ ನೀರಿನ ಜೊತೆ ಆಚೆ ಜಾರಿಕೊಂಡರೆ ಎರಡು ದಾರಿಗೂ ಸಮುದ್ರವೇ ತಳ್ಳುತ್ತದೆ. ಅದಕ್ಕಿಂತ ಸುಖದ ಪಯಣವಿಲ್ಲ. ಗಾಳಿ ಕೈಕೊಟ್ಟು ಅರ್ಧ ಗಂಟೆ ತಡವಾದರೆ? ಮುಂದೆ ನೀರು ಇನ್ನೂ ಹೊಳೆಯುತ್ತಿರುತ್ತದೆ, ಕೊಂಬೆಗಳ ಸಾಲು ಕರೆಯುತ್ತಿರುತ್ತದೆ, ಕೋಲು ಮಾತ್ರ ಬೇರೆ ಹೇಳುತ್ತದೆ. ಕೋಲಿನ ಮಾತು ಕೇಳುವವನು ಚುಕ್ಕಾಣಿ ತಿರುಗಿಸಿ ಬಂದ ಕಾಲುವೆಗೇ ಇಳಿದು ಲಂಗರು ಹಾಕುತ್ತಾನೆ. ಮುಂದಿನ ಉಬ್ಬರ ನಡುರಾತ್ರಿಗೆ ಬಂದರೆ ಕೊಂಬೆಗಳು ಕಾಣುವುದಿಲ್ಲ, ಆದ್ದರಿಂದ ಅದರ ನಂತರದ್ದಕ್ಕೆ.